ಹುಣಸೆಹಣ್ಣಿನಲ್ಲಿ ತೊಳೆದ ಫ್ಯೂಸುಗಳು

ವಿದ್ಯುಚ್ಛಕ್ತಿಯ ವಿಷಯದಲ್ಲಿ ನನ್ನಷ್ಟು ತಿಳಿದವರು ನಮ್ಮ ಮನೆತನದಲ್ಲಿ ಮತ್ತೊಬ್ಬರಿಲ್ಲ. ಇದು ಜಂಬವಲ್ಲ, ಸಾಬೀತಾದ ಸತ್ಯ. ಧಾರವಾಡದ ನಮ್ಮ ಮನೆಯ ಕರೆಗಂಟೆ ಕೆಟ್ಟು ಸುಮ್ಮನೆ ಕೂತಾಗ ಅದನ್ನು ರಿಪೇರಿ ಮಾಡಿದವನು ನಾನೇ. ಆಮೇಲೆ ಅದು ಎರಡು ದಿನ ಬಿಡದೆ ಬಾರಿಸಿತು ಎಂಬುದು ಬೇರೆ ಮಾತು. ಬಾರಿಸಿತೋ ಇಲ್ಲವೋ? ಗಂಟೆಯ ಕೆಲಸ ಅಷ್ಟೇ ತಾನೆ!

ಬ್ಯಾಂಕಿನವರು ನನ್ನನ್ನು ನಾಸಿಕ್‌ಗೆ ವರ್ಗ ಮಾಡಿ ಎರಡು ವರ್ಷವಾಯಿತು. ನನ್ನ ಹೆಂಡತಿ ಶೈಲಾ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಾಳೆ. ಅವಳನ್ನು ಛತ್ರಪತಿ ಸಂಭಾಜಿನಗರಕ್ಕೆ ಹಾಕಿದರು. ಇಬ್ಬರಿಗೂ ಒಂದೇ ರಾಜ್ಯ ಕೊಟ್ಟಿದ್ದೇವಲ್ಲ ಎಂದು ಎರಡೂ ಇಲಾಖೆಗಳು ತಮ್ಮ ಬೆನ್ನು ತಾವೇ ತಟ್ಟಿಕೊಂಡವು. ನಡುವೆ ನಾಲ್ಕು ತಾಸಿನ ಹಾದಿ! ಸಂಸಾರ ಎರಡು ಹೋಳಾಯಿತು. ಕುಕ್ಕರ್ ನನ್ನ ಕಡೆ, ಅದರ ಸೀಟಿ ಅವಳ ಕಡೆ. ಕಾರು ನನ್ನ ಕಡೆ, ಕಾರಿನ ಜೊತೆ ಕೊಟ್ಟ ಮಾಹಿತಿ ಪುಸ್ತಕ ಅವಳ ಕಪಾಟಿನಲ್ಲಿ. ಬ್ಯಾಂಕಿಗೆ ರಜೆಯಿರುವ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ನಾವು ಗಂಡ ಹೆಂಡತಿ. ಉಳಿದ ದಿನ ಎರಡು ಫೋನ್ ನಂಬರುಗಳು.

ಈ ಸಲ ಆ ಶನಿವಾರಗಳೂ ಕೈಬಿಟ್ಟವು. ಒಮ್ಮೆ ನನಗೆ ಆಡಿಟ್, ಒಮ್ಮೆ ಅವಳ ಕಚೇರಿಗೆ ದೊಡ್ಡ ಸಾಹೇಬರು. ಹೆಂಡತಿಯ ಮುಖ ನೋಡಿ ನಲವತ್ತು ದಿನವಾಗಿತ್ತು. ಅಷ್ಟರಲ್ಲಿ ಅವಳಿಗೆ ದಿಲ್ಲಿಯಲ್ಲಿ ಎರಡು ತಿಂಗಳ ತರಬೇತಿ ಎಂದು ಆರ್ಡರ್ ಬಂತು. ಭಾನುವಾರ ಮಧ್ಯಾಹ್ನ ರೈಲು. ಅಂದರೆ ನನ್ನ ಪಾಲಿಗೆ ಉಳಿದದ್ದು ಒಂದು ಶನಿವಾರ. ಒಂದೇ ಒಂದು!

ಶುಕ್ರವಾರ ಸಂಜೆ ಫೋನಿನಲ್ಲಿ ಅವಳು ಹೇಳಿದಳು: "ನನಗೇನೂ ತರಬ್ಯಾಡ್ರಿ. ಊಟದ ಹೊತ್ತಿಗೆ ಬರ್ರಿ, ಎಣ್ಣಿಗಾಯಿ ಮಾಡಿರ್ತೀನಿ. ಉಂಡು ದೌಲತಾಬಾದ್ ದಾಟಿ ಖುಲ್ತಾಬಾದ್ ತನಕಾ ಸುಮ್ನ ಗಾಡಿ ಹೊಡ್ಕೊಂಡು ಹೋಗೂಣು. ಎಲ್ಲ್ಯರ ಗಿಡದ ನೆಳ್ಳಾಗ ನಿಲ್ಲಿಸಿ ಪೇರಲ ಹಣ್ಣು ತಿನ್ಕೋತ ಕೂಡೂಣು. ಅಷ್ಟ."

ಅಷ್ಟೇ ಅಂತೆ! ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಒಬ್ಬ ಹೆಂಗಸು ಕೇಳಿದ್ದು ಒಂದು ಮಧ್ಯಾಹ್ನ. ಅದನ್ನೂ ಕೊಡಲಾಗದಿದ್ದರೆ ನಾನು ಯಾತಕ್ಕೆ ಗಂಡಸು!

ಶನಿವಾರ ಬೆಳಿಗ್ಗೆ ಆರೂವರೆಗೆ ಸಿದ್ಧನಾಗಿ ಕಾರಿನಲ್ಲಿ ಕೂತೆ. ಹಾದಿಯುದ್ದಕ್ಕೂ ಸ್ಪೀಕರಿನಲ್ಲಿ ಅವಳೊಡನೆ ಮಾತಾಡುತ್ತ ಹೋಗುವುದು ನಮ್ಮ ಪದ್ಧತಿ. ಅವಳು ಅಲ್ಲಿ ಬದನೆಕಾಯಿ ಹೆಚ್ಚುತ್ತಾಳೆ, ನಾನು ಇಲ್ಲಿ ಗೇರು ಬದಲಿಸುತ್ತೇನೆ. ಫೋನಿನಲ್ಲಿ ಚಾರ್ಜು ಕಡಿಮೆಯಿತ್ತು. ಕಾರಿನ ಸಾಕೆಟ್ಟಿಗೆ ಚುಚ್ಚಿದೆ. ಏನೂ ಆಗಲಿಲ್ಲ. ಮತ್ತೊಮ್ಮೆ ಚುಚ್ಚಿದೆ. ಇಲ್ಲ! ಬುದ್ಧಿ ಇದ್ದವರು ಮೇಲೆ ಹೋಗಿ ಮನೆಯ ಪ್ಲಗ್ಗಿಗೆ ಅರ್ಧ ತಾಸು ಹಚ್ಚಿ ಹೊರಡುತ್ತಿದ್ದರು. ನನಗೆ ಬುದ್ಧಿಯ ಜೊತೆ ಜ್ಞಾನವೂ ಇತ್ತು. 'ಫ್ಯೂಸ್ ಹೋಗಿದೆ' ಎಂದು ತೀರ್ಪು ಕೊಟ್ಟೆ.

ಸ್ಟೀರಿಂಗಿನ ಕೆಳಗೆ ಫ್ಯೂಸ್ ಡಬ್ಬಿ ಇರುತ್ತದೆ. ಒಳಗೆ ಪೆಪ್ಪರಮೆಂಟಿನಂತೆ ಕಾಣುವ ಬಣ್ಣಬಣ್ಣದ ಫ್ಯೂಸುಗಳು, ಒಂದೊಂದಕ್ಕೂ ಎರಡು ತಗಡಿನ ಕಾಲು, ನಡುವೆ ಒಂದು ಸಣ್ಣ ಎಳೆ. ಕರೆಂಟು ಮಿತಿ ಮೀರಿದರೆ ಎಳೆ ಸುಟ್ಟುಹೋಗಿ ಉಳಿದದ್ದನ್ನು ಕಾಯುತ್ತದೆ. ಕೆಂಪಿಗೆ ಹತ್ತು ಆಂಪಿಯರ್, ನೀಲಿಗೆ ಹದಿನೈದು, ಹಳದಿಗೆ ಇಪ್ಪತ್ತು. ಯಾವ ಮನೆಗೆ ಯಾವ ಬಣ್ಣ ಎಂಬುದು ಡಬ್ಬಿಯ ಮುಚ್ಚಳದ ಒಳಗೆ ಅಚ್ಚಾಗಿರುತ್ತದೆ. ಮಕ್ಕಳಾಟ!

ಮೊದಲು ಕೈಗೆ ಸಿಕ್ಕ ಫ್ಯೂಸನ್ನು ಎಳೆದು ನೋಡಿದೆ. ಅದರ ಕಾಲು ಮಂಕಾಗಿತ್ತು. ಬ್ಯಾಂಕಿನಲ್ಲಿ ಒಂದು ನೋಟಿನ ಮೇಲೆ ಸಂಶಯ ಬಂದರೆ ನಾವು ಇಡೀ ಕಟ್ಟನ್ನು ಬಿಚ್ಚುತ್ತೇವೆ. ಇಲ್ಲಿಯೂ ಅದೇ ನಿಯಮವನ್ನು ಅನ್ವಯಿಸಿದೆ. ಒಂದೊಂದಾಗಿ ಎಲ್ಲವನ್ನೂ ಕಿತ್ತು ಸ್ಟೀಲ್ ತಾಟಿನಲ್ಲಿ ಹಾಕಿದೆ. ಎಲ್ಲದರ ಕಾಲೂ ಮಂಕು! ನಮ್ಮಲ್ಲಿ ಹಿತ್ತಾಳೆಯ ಸಮೆ, ಅಂದರೆ ದೀಪದ ಕಂಬ, ಮಂಕಾದರೆ ಏನು ಮಾಡುತ್ತಾರೆ? ಸದಾನಂದ ಶೆಟ್ಟರ ಹತ್ತಿರ ಓಡಿದೆ.

ಶೆಟ್ಟರು ಕುಂದಾಪುರದ ಕಡೆಯವರು. ನಮ್ಮ ಕಟ್ಟಡದ ಕೆಳಗೆ ಅವರ ಶುದ್ಧ ಸಸ್ಯಾಹಾರಿ ಹೋಟೆಲು.

"ಶೆಟ್ರ, ಒಂದು ಲಿಂಬಿಹಣ್ಣಿನಷ್ಟು ಹುಣಸಿಹಣ್ಣು ಕೊಡ್ರಿ."

"ಎಂತಕ್ಕೆ ಕುಲಕರ್ಣಿಯವರೇ, ಸಾರು ಮಾಡ್ಲಿಕ್ಕುಂಟಾ?"

"ಕಾರಿಗೆ."

"ಕಾರಿಗೆ!" ಶೆಟ್ಟರು ಸೌಟು ಕೆಳಗಿಟ್ಟರು. "ಮಾರಾಯ್ರೆ, ನಾನು ಹುಟ್ಟಿದಾಗಿಂದ ಹುಳಿ ಹಾಕಿದವ. ಹುಳಿ ಎಲ್ಲಿ ಹಾಕ್ಬೇಕು ಅಂತ ನನಗೆ ಗೊತ್ತುಂಟು. ಕಾರು ಅಂಥ ಜಾಗ ಅಲ್ಲ."

ಅನ್ನ ಹಾಕುವವರೊಡನೆ ವಿಜ್ಞಾನದ ಚರ್ಚೆ ಸಲ್ಲದು ಎಂದು ಹುಣಸೆಹಣ್ಣು ಇಸಿದುಕೊಂಡು ಬಂದೆ. ಹುಣಸೆಹುಳಿಯಲ್ಲಿ ಫ್ಯೂಸುಗಳನ್ನು ಗಸಗಸ ತಿಕ್ಕಿ, ತೊಳೆದು, ಒರೆಸಿ, ಬಿಸಿಲಿಗೆ ಹರವಿದೆ. ಮದುವೆ ಮನೆಯ ಪಾತ್ರೆಗಳ ಹಾಗೆ ಥಳಥಳ ಹೊಳೆದವು. ಅವುಗಳ ನಡುವೆ ಎಳೆ ಸುಟ್ಟ ಒಂದು ಫ್ಯೂಸು ಸಿಕ್ಕಿತು. ಡಬ್ಬಿಯಲ್ಲಿಯೇ ಇದ್ದ ಹೊಸದೊಂದನ್ನು ಅದರ ಬದಲಿಗೆ ತೆಗೆದಿಟ್ಟುಕೊಂಡೆ. ಕೆಲಸ ಮುಗಿಯಿತು! ಇನ್ನು ಮುಚ್ಚಳದ ಚಿತ್ರ ನೋಡಿ ಅವರವರ ಮನೆಗೆ ಕಳಿಸಿದರಾಯಿತು.

ಮುಚ್ಚಳ ತಿರುಗಿಸಿದೆ. ಚಿತ್ರವೇ ಇಲ್ಲ!

ಕಳೆದ ಮಹಾನವಮಿಗೆ ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಮಾಡಿದ್ದೆವು. ಟೈರಿಗೆ, ಸ್ಟೀರಿಂಗಿಗೆ ಎಲ್ಲರೂ ಕುಂಕುಮ ಹಚ್ಚುತ್ತಾರೆ. ಗಾಡಿಯ ನಿಜವಾದ ಜೀವ ಇರುವುದು ಫ್ಯೂಸ್ ಡಬ್ಬಿಯಲ್ಲಿ, ಪೂಜೆ ಅಲ್ಲಿಗೂ ಸಲ್ಲಬೇಕು ಎಂದು ಹಟ ಹಿಡಿದವನು ನಾನು. ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಮುಚ್ಚಳದ ಒಳಗೆ ಅಂಗೈ ಅಗಲದ ಸ್ವಸ್ತಿಕ ಬರೆದಿದ್ದೆ. ಒಂದು ಬೇಸಿಗೆಯ ಕಾವಿಗೆ ಆ ಎಣ್ಣೆ ಹರಡಿ, ಕುಂಕುಮ ಕಾಗದದೊಳಗೆ ಇಳಿದು, ಚಿತ್ರದ ಒಂದು ಅಕ್ಷರವೂ ಉಳಿದಿರಲಿಲ್ಲ. ತಿಕ್ಕಿದರೆ ಕಾಗದವೇ ಎದ್ದು ಬಂತು. ನನ್ನ ಭಕ್ತಿ ಅಷ್ಟು ಗಟ್ಟಿ!

ಹೆಂಡತಿಗೆ ಫೋನು ಮಾಡದೆ ಗತಿಯಿರಲಿಲ್ಲ.

"ಹೊಂಟ್ರೇನು?" ಎಂದಳು, ಎಷ್ಟೊಂದು ಪ್ರೀತಿಯಿಂದ.

"ಹೊಂಟಂಗ. ಕಪಾಟಿನ್ಯಾಗ ಕಾರಿನ ಪುಸ್ತಕ ಐತೆಲ್ಲ, ಅದರಾಗ ಫ್ಯೂಸಿನ ಪಟ್ಟಿ ತಗದು ಓದು."

"ಗಾಡೀಗೆ ಏನ್ ಮಾಡೀರಿ?"

"ಏನಿಲ್ಲ, ಫೋನ್ ಚಾರ್ಜ್ ಆಗವಲ್ದು ಅಂತ..."

"ಫೋನ್ ಚಾರ್ಜ್ ಮಾಡಾಕ ಗಾಡೀನ ಬಿಚ್ಚೀರಿ? ಮನ್ಯಾಗ ಪ್ಲಗ್ ಇಲ್ಲೇನ್ರಿ!"

ಬೈಯುತ್ತಲೇ ಓದತೊಡಗಿದಳು. ಒಂದನೇ ಮನೆ ಕೆಂಪು. ಎರಡನೇ ಮನೆ ಖಾಲಿ. ಮೂರನೇ ಮನೆ ಹಳದಿ. ಅವಳ ದನಿ ಕೇಳುತ್ತ ಫ್ಯೂಸು ಚುಚ್ಚುವುದು ಹಿತವಾಗಿತ್ತು. ಇನ್ನೂ ನಿಧಾನ ಓದಲಿ ಎಂದು ಎರಡೆರಡು ಸಲ ಕೇಳಿದೆ. ಒಂಬತ್ತನೇ ಮನೆಗೆ ಬಂದಾಗ ನನ್ನ ಫೋನು ಪ್ರಾಣ ಬಿಟ್ಟಿತು.

ಓಡಿಹೋಗಿ ಶೆಟ್ಟರ ಗಲ್ಲಾದ ಹತ್ತಿರ ಫೋನು ಚಾರ್ಜಿಗೆ ಹಚ್ಚಿದೆ. ಹತ್ತು ನಿಮಿಷ ಕಾದಿದ್ದರೆ ಅದು ಎದ್ದು ಕೂರುತ್ತಿತ್ತು, ಶೈಲಾ ಆ ಪುಟದ ಫೋಟೋ ಕಳಿಸುತ್ತಿದ್ದಳು, ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಗಡಿಯಾರ ನೋಡಿದೆ. ಒಂಬತ್ತಾಗುತ್ತ ಬಂದಿತ್ತು. ಊಟಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದೆ. ಉಳಿದ ಫ್ಯೂಸುಗಳನ್ನು ಅಂದಾಜಿನ ಮೇಲೆ ಚುಚ್ಚಿದೆ. ಖಾಲಿ ಕಂಡ ಮನೆಗೆಲ್ಲ ಯಾರನ್ನಾದರೂ ಕೂಡಿಸಿದೆ. ಕೊನೆಗೆ ಫ್ಯೂಸು ಮುಗಿದು ಮನೆಗಳು ಉಳಿದವು. ಪುಸ್ತಕದಲ್ಲಿಯೂ ಕೆಲವು ಖಾಲಿ ಎಂದು ಇತ್ತಲ್ಲ, ಇವು ಅವೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಕೀಲಿ ತಿರುಗಿಸಿದೆ. ಗಾಡಿ ಒಂದೇ ಏಟಿಗೆ ಶುರು! ಹಿಗ್ಗಿನಲ್ಲಿ ಶೆಟ್ಟರಿಗೆ ಕೈ ಬೀಸಿ ಹೊರಟೇಬಿಟ್ಟೆ. ಶೆಟ್ಟರೂ ಎರಡೂ ಕೈ ಬೀಸಿದರು. ಬಹಳ ಅಭಿಮಾನದ ಮನುಷ್ಯ ಎಂದುಕೊಂಡೆ.

ಊರು ದಾಟಿದ ಮೇಲೆ ತಿಳಿಯಿತು, ಅವರು ಬೀಸಿದ್ದು ನನ್ನ ಫೋನು.

ತಿರುಗಿ ಹೋದರೆ ಊಟದ ಹೊತ್ತು ತಪ್ಪುತ್ತದೆ. ಮುಂದೆ ನಡೆದೆ. ನಿಫಾಡ್ ಹತ್ತಿರ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ಹಾರ್ನ್ ಒತ್ತಿದೆ. ಕಾರು ಮಾತಾಡಲಿಲ್ಲ. ಕಿಟಕಿಯ ಗಾಜು ಇಳಿಸಿ, "ಓ ದಾದಾ! ಜರಾ ಬಾಜೂಲಾ ವ್ಹಾ!" ಎಂದು ಮರಾಠಿಯಲ್ಲಿ ಪಕ್ಕಕ್ಕೆ ಸರಿಯಲು ಕೂಗಿದೆ. ಟ್ರ್ಯಾಕ್ಟರಿನಲ್ಲಿ ಹಾಡು ಹಚ್ಚಿದ್ದರು, ದಾದಾನಿಗೆ ಕೇಳಿಸಲಿಲ್ಲ. ಗಾಜು ಏರಿಸಲು ಗುಂಡಿ ಒತ್ತಿದೆ. 'ಟಿಕ್' ಎಂದಿತು. ಮುಗಿಯಿತು! ದೊಡ್ಡ ಫ್ಯೂಸಿನ ಮನೆಯಲ್ಲಿ ಸಣ್ಣದನ್ನು ಕೂಡಿಸಿದ್ದೆ, ಅದು ಸುಟ್ಟಿತ್ತು. ಗಾಜು ಬಾಗಿಲೊಳಗೆ ಹೋಗಿ ಮಲಗಿತು. ಮುಂದಿನ ಟ್ರಾಲಿಯಿಂದ ಈರುಳ್ಳಿ ಸಿಪ್ಪೆ ಹಾರಿಹಾರಿ ಒಳಗೆ ಬರತೊಡಗಿದವು. ಕನ್ನಡಕದ ಮೇಲೆ, ಕಿವಿಯಲ್ಲಿ, ಕಾಲರಿನೊಳಗೆ. ಬಲಕ್ಕೆ ತಿರುಗುವಾಗ ಇಂಡಿಕೇಟರ್ ಇಲ್ಲ. ಕೈ ಹೊರಗೆ ಚಾಚಿ ಸೈಕಲ್ ಸವಾರನ ಹಾಗೆ ಸನ್ನೆ ಮಾಡಿದೆ. ಹಿಂದಿನ ಲಾರಿಯವನು ಅದನ್ನು ನಮಸ್ಕಾರ ಎಂದು ತಿಳಿದು ತಾನೂ ಕೈ ಎತ್ತಿದ.

ಯೇವಲಾ ಊರ ಬಾಗಿಲಿಗೆ ಬಂದಾಗ ಎಂಜಿನ್ನೇ ನಿಂತಿತು. ಆಗ ಹನ್ನೊಂದೂವರೆ. ಅಲ್ಲಿಂದ ಶೈಲಾಳ ಮನೆಗೆ ಇನ್ನೂ ಅರ್ಧಕ್ಕಿಂತ ಹೆಚ್ಚು ಹಾದಿ.

ದೇವರು ದೊಡ್ಡವನು. ಎದುರಿಗೇ ಒಂದು ತಗಡಿನ ಶೆಡ್ಡು, ಆಟೋ ಎಲೆಕ್ಟ್ರಿಕ್ ಅಂಗಡಿ. ಗಂಡ ಭಾವುಸಾಹೇಬ, ಹೆಂಡತಿ ಮಂಗಲತಾಯಿ, ಇಬ್ಬರೂ ಕೂಡಿ ನಡೆಸುವ ಅಂಗಡಿ. ಬ್ಯಾಟರಿ ಅವನದು, ವಾಯರಿಂಗ್ ಅವಳದು. ಇಬ್ಬರೂ ಬಂದು ಕಾರನ್ನು ನೂಕಿ ನೆರಳಿಗೆ ಹಾಕಿದರು. ಮಂಗಲತಾಯಿ ಡಬ್ಬಿ ತೆಗೆದು ಒಂದು ಫ್ಯೂಸು ಎಳೆದು ಮೂಸಿದಳು. ಇನ್ನೊಂದನ್ನು ಎಳೆದಳು. ಅದರ ಕಾಲಿಗೆ ಹುಣಸೆಯ ನಾರು ಅಂಟಿತ್ತು.

"ಹೇ ಕಾಯ್ ಹೋ? ಚಿಂಚ?" ಎಂದು ನನ್ನ ಮುಖ ನೋಡಿದಳು. ಹುಣಸೆಹಣ್ಣೆ ಎಂದು ಕೇಳುತ್ತಿದ್ದಳು. ನಾನು ತಲೆಯಾಡಿಸಿದೆ.

"ಅಹೋ, ಇಕ್ಡೆ ಯಾ! ಸಾಹೇಬಾಂನೀ ಗಾಡೀಚಂ ಸಾಂಬಾರ್ ಕೇಲಂಯ್!"

ಗಾಡಿಯ ಸಾಂಬಾರ್ ನೋಡಲು ಗಂಡ ಬಂದ, ಪಕ್ಕದ ಪಂಕ್ಚರ್ ಅಂಗಡಿಯವರು ಬಂದರು, ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜನೂ ಬಂದ. ಮಂಗಲತಾಯಿ ಸಾಕೆಟ್ಟಿನೊಳಗೆ ಚಿಮಟ ಇಳಿಸಿ ಏನನ್ನೋ ಹೊರಗೆಳೆದಳು. ತಲೆಗೆ ಸಿಕ್ಕಿಸುವ ಕರಿಯ ಪಿನ್ನು. ಅದು ಒಳಗೆ ಬಿದ್ದೇ ಫ್ಯೂಸು ಸುಟ್ಟಿತ್ತು. ಯಾರದು ಎಂದು ಕೇಳಿದಳು.

"ಬಾಯ್ಕೋಚೀ," ಎಂದೆ. ನನ್ನ ಹೆಂಡತಿಯದು.

ನಲವತ್ತು ದಿನದ ಹಿಂದೆ ಅವಳು ಈ ಸೀಟಿನಲ್ಲಿ ಕೂತು ತುರುಬು ಬಿಚ್ಚಿ ಕಟ್ಟಿಕೊಂಡಿದ್ದಳು. ಆಗ ಬಿದ್ದದ್ದು. ಪಿನ್ನನ್ನು ಒರೆಸಿ ಜೇಬಿನಲ್ಲಿಟ್ಟುಕೊಂಡೆ. ಎದುರಿಗೆ ಆ ಗಂಡ ಹೆಂಡತಿ ಜಗಳವಾಡುತ್ತಿದ್ದರು. ಟೆಸ್ಟರ್ ಎಲ್ಲಿಟ್ಟೆ ಎಂದು ಅವನು ರೇಗಿದ. ನಿಮ್ಮ ಕಿವಿಯ ಮೇಲೇ ಇದೆ ಎಂದು ಅವಳು ರೇಗಿದಳು. ದಿನವಿಡೀ ಹೀಗೇ ಇರಬೇಕು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಒಂದೇ ಶೆಡ್ಡಿನಲ್ಲಿ ಕೂತು ದಿನಕ್ಕೆ ಹತ್ತು ಸಲ ಜಗಳವಾಡುವ ಭಾಗ್ಯ ಎಲ್ಲ ಇಲಾಖೆಗಳಲ್ಲಿ ಸಿಗುವುದಿಲ್ಲ.

ಭಾವುಸಾಹೇಬ ತನ್ನ ಫೋನು ಕೊಟ್ಟು ಮನೆಗೆ ತಿಳಿಸಿ ಎಂದ. ಕೈಗೆ ತಗೊಂಡೆ. ನಂಬರು ನೆನಪಿಲ್ಲ! ನಮ್ಮ ಶಾಖೆಯ ಮುಖ್ಯ ಗಿರಾಕಿಗಳ ಖಾತೆ ನಂಬರುಗಳೆಲ್ಲ ನಾಲಗೆಯ ತುದಿಯಲ್ಲಿವೆ, ಹೆಂಡತಿಯ ನಂಬರು ಇಲ್ಲ. ಕೊನೆಗೆ ನನ್ನದೇ ನಂಬರಿಗೆ ಹಚ್ಚಿದೆ. ಶೆಟ್ಟರು ಎತ್ತಿದರು.

"ಎಲ್ಲಿದ್ದೀರಿ ಮಾರಾಯ್ರೆ! ನಿಮ್ಮ ಹೆಂಡತಿ ಏಳು ಸಲ ಫೋನ್ ಮಾಡಿದ್ರು. ಕಾರು ಬಿಚ್ಚಿದ್ರು, ಹುಳಿ ಹಾಕಿದ್ರು, ಫೋನ್ ಬಿಟ್ಟು ಹೋದ್ರು ಅಂತ ಹೇಳಿದೆ. ಅವರು ಹೆದರಿ ಬಸ್ ಹತ್ತಿದ್ದಾರೆ. ನಾಸಿಕ್ ಬಸ್ಸು!"

ನಾನು ಅವಳ ಕಡೆ, ಅವಳು ನನ್ನ ಕಡೆ! ಫೋನಿನ ಬೀಗದ ಅಂಕಿ ಹೇಳಿದೆ. ಅವಳ ಹುಟ್ಟಿದ ದಿನ. ಶೆಟ್ಟರು ಅವಳ ನಂಬರು ಹುಡುಕಿ, ತಮ್ಮ ಫೋನಿನಿಂದ ಅವಳಿಗೆ ಹಚ್ಚಿ, ಆ ಕಿವಿಗೆ ಅವಳನ್ನೂ ಈ ಕಿವಿಗೆ ನನ್ನನ್ನೂ ಇಟ್ಟುಕೊಂಡರು.

"ಯೇವಲಾದಲ್ಲಿ ಇಳೀಲಿಕ್ಕೆ ಹೇಳ್ರಿ ಶೆಟ್ರ! ಊರು ದಾಟಿದ ಮ್ಯಾಲೆ ಬರೂ ತಗಡಿನ ಶೆಡ್ಡು ಅನ್ರಿ!"

"ಹೇಳಿದೆ. ಪೆಟ್ಟಾಗಿದ್ಯಾ ಅಂತ ಕೇಳ್ತಾರೆ."

"ಇಲ್ಲ ಅನ್ರಿ."

"ಇಲ್ಲ ಅಂದೆ. ಈಗ ಬೈತಿದ್ದಾರೆ. ಅದನ್ನು ನಾನು ಹೇಳುದಿಲ್ಲ, ಗಿರಾಕಿಗಳಿದ್ದಾರೆ."

ಶೆಟ್ಟರು ದನಿ ತಗ್ಗಿಸಿದರು. "ಈಗ ಅಳ್ತಾ ಇದ್ದಾರೆ ಕುಲಕರ್ಣಿಯವರೇ. ಎಂತ ಹೇಳ್ಲಿ?"

ಎಂತ ಹೇಳಲಿ! ನಾನೂ ಅಳುತ್ತಿದ್ದೇನೆ ಎಂದು ಶೆಟ್ಟರ ಬಾಯಿಂದ ಹೇಳಿಸುವುದೆ? "ಬಿಸಲಾಗ ಇಳಿಯೂವಾಗ ಜ್ವಾಕಿ ಅನ್ರಿ," ಎಂದೆ.

ಆಮೇಲೆ ರಸ್ತೆಯ ಬದಿಯಲ್ಲಿ ನಿಂತು ಬಸ್ಸು ಕಾದೆ. ವೈಜಾಪುರದ ಕಡೆಯಿಂದ ಬಂದ ಪ್ರತಿಯೊಂದು ಕೆಂಪು ಬಸ್ಸಿಗೂ ಕೈ ಮಾಡಿದೆ. ಮಾಲೇಗಾಂವ್ ಬೋರ್ಡಿನ ಬಸ್ಸೊಂದು ನಿಂತೂ ನಿಂತಿತು. ಹತ್ತುವುದಿಲ್ಲ, ಹೆಂಡತಿ ಇದ್ದಾಳೋ ನೋಡಬೇಕು ಎಂದೆ. ಕಂಡಕ್ಟರ್ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಗಂಟೆ ಬಾರಿಸಿದ. ಎರಡು ಗಂಟೆಗೆ ಮತ್ತೊಂದು ಬಸ್ಸು ನಿಂತಿತು. ಕೈಯಲ್ಲಿ ಊಟದ ಡಬ್ಬಿ ಹಿಡಿದು ಶೈಲಾ ಇಳಿದಳು. ಸೊರಗಿದ್ದಳು. ಫೋನಿನಲ್ಲಿ ಅದು ಗೊತ್ತಾಗಿರಲಿಲ್ಲ.

ನಲವತ್ತು ದಿನದ ಮೇಲೆ ನನ್ನ ಧರ್ಮಪತ್ನಿ ಆಡಿದ ಮೊದಲ ಮಾತು: "ತಲಿಮ್ಯಾಲೆ ಏನ್ರಿ ಅದು?"

"ಉಳ್ಳಾಗಡ್ಡಿ ಸಿಪ್ಪಿ."

ರಸ್ತೆಯಲ್ಲಿಯೇ, ಪಂಕ್ಚರ್ ಅಂಗಡಿಯವರ ಎದುರಿಗೇ, ಒಂದೊಂದಾಗಿ ಸಿಪ್ಪೆ ತೆಗೆಯತೊಡಗಿದಳು. ಒಂದು ಸಿಪ್ಪೆಗೆ ಒಂದು ಬೈಗುಳ. "ನಿಮಗ ಯಾವಾಗ ಬುದ್ಧಿ ಬರೂದು? ... ದೇವರಂಥಾ ಗಾಡೀನ ಹುಣಸಿಹಣ್ಣಾಗ ಹಾಕ್ತಾರೇನ್ರಿ? ... ನನ್ನ ಜೀವ ಬಾಯಿಗೆ ಬಂದಿತ್ತು." ನಾನು ತಲೆ ತಗ್ಗಿಸಿ ನಿಂತಿದ್ದೆ. ಇನ್ನೂ ನಾಲ್ಕು ಟ್ರಾಲಿಯ ಹಿಂದೆ ಬರಬೇಕಿತ್ತು ಅನಿಸಿತು.

ಶೆಡ್ಡಿನ ಬೆಂಚಿನ ಮೇಲೆ ನಾಲ್ವರೂ ಊಟ ಮಾಡಿದೆವು. ಎಣ್ಣೆಗಾಯಿ ನಮ್ಮದು, ಭಾಕರಿ ಅವರದು. ಗಾಡಿ ಸರಿಯಾಗುವಾಗ ನಾಲ್ಕು ಗಂಟೆ. ಮನೆ ಮುಟ್ಟಿದಾಗ ಕತ್ತಲಾಗುತ್ತಿತ್ತು, ಅವಳ ಪೆಟ್ಟಿಗೆ ಇನ್ನೂ ಅರ್ಧ ಖಾಲಿ. ಖುಲ್ತಾಬಾದಿನ ಹಾದಿ, ಗಿಡದ ನೆರಳು, ಪೇರಲ ಹಣ್ಣು, ಯಾವುದೂ ಆಗಲಿಲ್ಲ. ಕೇಳಿದ್ದು ಅದೊಂದೇ ಇತ್ತು. ಅವಳು ಆ ಮಾತೇ ಎತ್ತಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಭಾನುವಾರ ರೈಲಿನ ಕಿಟಕಿಯಿಂದ ಹೇಳಿದಳು: "ನಾ ಬರೂ ತನಕಾ ಆ ಡಬ್ಬಿ ತಗೀಬ್ಯಾಡ್ರಿ. ಆಣಿ ಮಾಡ್ರಿ." ಕಿಟಕಿಯ ಸರಳು ಮುಟ್ಟಿ ಆಣೆ ಮಾಡಿದೆ. ರೈಲು ಹೋಯಿತು.

ತಿರುಗಿ ಬರುವಾಗ ಗಾಡಿ ಎಷ್ಟು ಚೆನ್ನಾಗಿ ಓಡಿತೆಂದರೆ ಸಿಟ್ಟು ಬಂತು. ಹಾರ್ನ್ ಕೂಗಿತು, ಗಾಜು ಏರಿತು ಇಳಿಯಿತು, ಫೋನಿಲ್ಲದ ಸಾಕೆಟ್ಟು ಕೂಡ ಸರಿಯಾಗಿತ್ತು. ಹೀಗೇ ಹೋದರೆ ಬೆಳಕಿರುವಾಗಲೇ ನಾಸಿಕ್ ಮುಟ್ಟುತ್ತೇನೆ. ಮುಟ್ಟಿ? ಬೀಗ ತೆಗೆದು ಯಾರ ಮುಖ ನೋಡಬೇಕು? ಯೇವಲಾ ದಾಟುವಾಗ ಆ ಶೆಡ್ಡು ದೂರದಿಂದ ಕಂಡಿತು. ಶನಿವಾರ ನಾವು ಕೂತ ಬೆಂಚೂ ಕಂಡಿತು. ಸುಮ್ಮಸುಮ್ಮನೆ ಹೋಗಿ ಕೂರಲು ಬ್ಯಾಂಕ್ ಅಧಿಕಾರಿಗೆ ನಾಚಿಕೆ. ಒಂದು ಮರ್ಯಾದಸ್ಥ ಕಾರಣ ಬೇಕು. ನೂರು ಹೆಜ್ಜೆ ಈಚೆಗೇ ಗಾಡಿ ನಿಲ್ಲಿಸಿ, ಆಣೆ ಮುರಿದು, ಡಬ್ಬಿ ತೆಗೆದು, ಹಾರ್ನಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ. 'ಹಾರ್ನ್ ಬಡಿಯುತ್ತಿಲ್ಲ ತಾಯಿ' ಎಂದು ಹೇಳುವುದು, ಅರ್ಧ ತಾಸು ಕೂರುವುದು. ಅಷ್ಟೇ ಯೋಜನೆ. ಕೀಲಿ ತಿರುಗಿಸಿದೆ. ಗಾಡಿ ಜೀವ ಹಿಡಿಯಲಿಲ್ಲ. ಹಾರ್ನ್ ಒತ್ತಿ ನೋಡಿದೆ. ಅದು ಮಾತ್ರ ಭರ್ಜರಿಯಾಗಿ ಕೂಗಿತು!

ಕೂಗು ಕೇಳಿ ಭಾವುಸಾಹೇಬ ಬಂದ. ಇಬ್ಬರೂ ಕೂಡಿ ಶೆಡ್ಡಿನವರೆಗೆ ನೂಕಿದೆವು. ಮಂಗಲತಾಯಿ ಡಬ್ಬಿ ತೆಗೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತೆಳುವಾದ ಬಿಳಿ ಅಂಗಿ ಹಾಕಿದ್ದೆ.

"ಸಾಹೇಬ, ಖಿಶಾತಲಾ ಫ್ಯೂಜ್ ದ್ಯಾ ಆಧೀ," ಎಂದಳು. ಮೊದಲು ಜೇಬಿನಲ್ಲಿರುವ ಫ್ಯೂಸು ಕೊಡಿ ಎಂದು.

ಕೊಟ್ಟೆ. ಅವಳು ಅದನ್ನು ಅದರ ಜಾಗದಲ್ಲಿ ಕೂಡಿಸಿದಳು. ನಿಮ್ಮ ಮನೆಯವರು ಹೋದರಾ ಎಂದು ಕೇಳಿದಳು. ಹೋದರು ಎಂದೆ. ಗಂಡನಿಗೆ ಮೂರು ಕಪ್ ಚಹಾ ಹೇಳಲು ಕಳಿಸಿ, ಕೈ ಒರೆಸಿಕೊಳ್ಳುತ್ತ, ಚಹಾ ಕುಡಿಯುವುದಕ್ಕೆ ಗಾಡಿ ಕೆಡಿಸಿಕೊಂಡೇ ಬರಬೇಕೆಂದಿಲ್ಲ ಸಾಹೇಬ, ಹಾಗೇ ಬನ್ನಿ ಎಂದಳು. ನಾನು ತಲೆಯಾಡಿಸಿದೆ. ಹಾಗೇ ಬರುವುದೇ ಒಳ್ಳೆಯದು. ಶೈಲಾ ಬರುವುದಕ್ಕೆ ಇನ್ನೂ ಐವತ್ತೊಂಬತ್ತು ದಿನವಿದೆ. ಡಬ್ಬಿಯಲ್ಲಿ ಅಷ್ಟು ಫ್ಯೂಸುಗಳಿಲ್ಲ!